ಕಾಗೆ ಮುಟ್ಟಿದ ಲೆಕ್ಕ

ಮುಟ್ಟಿನ ಲೆಕ್ಕ ಇಡುವುದಕ್ಕೆ ನಮ್ಮ ಮನೆಗಳಲ್ಲಿ ಯಾರೂ ಯಂತ್ರ ಬೇಕೆಂದು ಕೇಳಿದವರಲ್ಲ. ಅಡುಗೆಮನೆಯ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖುಗಳ ನಡುವೆ ಪೆನ್ಸಿಲಿನ ಸಣ್ಣ ಗುರುತೊಂದು ಇರುತ್ತಿತ್ತು. ಅಮ್ಮನದು ಚುಕ್ಕೆ, ಚಿಕ್ಕಮ್ಮನದು ಗೀಟು, ನನ್ನದು ಸೊನ್ನೆ. ಗಂಡಸರು ಅದೇ ಕ್ಯಾಲೆಂಡರಿನಲ್ಲಿ ವರ್ಷವಿಡೀ ಏಕಾದಶಿ, ಅಮಾವಾಸ್ಯೆ ನೋಡುತ್ತಿದ್ದರು. ಇದೇನು ಚುಕ್ಕೆ ಎಂದು ಒಬ್ಬರೂ ಕೇಳಲಿಲ್ಲ. "ಕಾಗೆ ಮುಟ್ಟಿದೆ" ಎಂದು ಪಿಸುಗುಟ್ಟಿ ಮೂಲೆಗೆ ಕೂರಿಸುತ್ತಿದ್ದ ಆ ಕಾಲವನ್ನು ನಾನು ಹೊಗಳುವವಳಲ್ಲ. ಆದರೆ ಲೆಕ್ಕ ಮಾತ್ರ ನಮ್ಮದೇ ಆಗಿತ್ತು. ಅದನ್ನು ಓದಬಲ್ಲವಳು ಬರೆದವಳೊಬ್ಬಳೇ.

ಈಗ ನನ್ನ ಕೈಯಲ್ಲಿ ಮಗಳು ಬಳಸಿ ಬಿಟ್ಟ ಐಫೋನ್ ಇದೆ. (ಸೀರೆ ನನ್ನಿಂದ ಅವಳಿಗೆ ಹೋಗುತ್ತದೆ, ಫೋನು ಅವಳಿಂದ ನನಗೆ ಬರುತ್ತದೆ.) ಅದರಲ್ಲಿ ಬಿಳಿ ಚೌಕದ ಮೂಲೆಯಲ್ಲಿ ಗುಲಾಬಿ ಹೃದಯದ ಚಿತ್ರವಿರುವ 'ಹೆಲ್ತ್' ಎಂಬ ಆ್ಯಪ್ ಇದೆಯಲ್ಲ, ಅದರ ಚರಿತ್ರೆ ಕೇಳಿ. ಕೇಳಿದ ಮೇಲೂ ಸಿಟ್ಟು ಬರದಿದ್ದರೆ ನಿಮ್ಮ ತಾಳ್ಮೆಗೆ ನಮಸ್ಕಾರ.

2014ರ ಜೂನ್‌ನಲ್ಲಿ ಆಪಲ್ ಕಂಪನಿ ಈ ಆ್ಯಪನ್ನು ಜಗತ್ತಿಗೆ ತೋರಿಸಿತು. ಸೆಪ್ಟೆಂಬರಿನಲ್ಲಿ ಐಓಎಸ್ 8ರ ಜೊತೆ ಜನರ ಕೈಗೆ ಕೊಟ್ಟಿತು. ದೇಹದ ಸಕಲ ಲೆಕ್ಕವೂ ಒಂದೇ ಕಡೆ ಎಂಬುದು ಅದರ ಹೆಗ್ಗಳಿಕೆ. ಎಷ್ಟು ಹೆಜ್ಜೆ ನಡೆದಿರಿ, ರಕ್ತದೊತ್ತಡ ಎಷ್ಟು, ಇನ್‌ಹೇಲರ್ ಎಷ್ಟು ಸಲ ಎಳೆದಿರಿ, ರಕ್ತದಲ್ಲಿ ಮದ್ಯದ ಅಂಶ ಎಷ್ಟು, ಎಲ್ಲಕ್ಕೂ ಒಂದೊಂದು ಕೋಣೆ. ಊಟದಲ್ಲಿ ಸೆಲೆನಿಯಂ ಎಷ್ಟು, ಕ್ರೋಮಿಯಂ ಎಷ್ಟು, ಮಾಲಿಬ್ಡಿನಂ ಎಷ್ಟು ಎಂದೂ ಬರೆದಿಡಬಹುದಿತ್ತು. ಮುದ್ದೆಯಲ್ಲಿ, ಬಸ್ಸಾರಿನಲ್ಲಿ ಮಾಲಿಬ್ಡಿನಂ ಲೆಕ್ಕ ಹಾಕುವ ಮನುಷ್ಯರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಆದರೆ ಜಗತ್ತಿನ ಅರ್ಧ ಜನಕ್ಕೆ ತಿಂಗಳು ತಿಂಗಳೂ ಬರುವ ಮುಟ್ಟಿಗೆ ಅಲ್ಲಿ ಒಂದು ಸಾಲಿನ ಜಾಗವೂ ಇರಲಿಲ್ಲ. ಆ ಸಾಲು ಸೇರಿದ್ದು 2015ರ ಸೆಪ್ಟೆಂಬರಿನಲ್ಲಿ, ಐಓಎಸ್ 9ರೊಂದಿಗೆ. ಮುಂದಿನ ಮುಟ್ಟು ಯಾವಾಗ ಎಂದು ಅಂದಾಜು ಹೇಳುವ ಅನುಕೂಲ ಬಂದದ್ದಂತೂ 2019ರಲ್ಲಿ.

"ಮರೆತಿರಬೇಕು ಬಿಡಿ, ಅದಕ್ಕೇಕೆ ಇಷ್ಟು ರಾದ್ಧಾಂತ?" ಎನ್ನುವವರಿದ್ದಾರೆ. ನನ್ನ ದೂರು ಇರುವುದೇ ಅಲ್ಲಿ. ಸಾರಿಗೆ ಉಪ್ಪು ಹಾಕುವುದನ್ನು ಮರೆಯಬಹುದು. ಅಡುಗೆ ಮಾಡುವಾಗ ಮನೆಯಲ್ಲಿ ಅರ್ಧ ಜನ ಊಟಕ್ಕಿದ್ದಾರೆ ಎಂಬುದನ್ನೇ ಮರೆತರೆ ಅದಕ್ಕೆ ಏನೆನ್ನಬೇಕು? ಯಾವ ಹೆಂಗಸು ಡಾಕ್ಟರ ಬಳಿ ಹೋದರೂ, ತಲೆನೋವೆಂದರೂ ಸೊಂಟನೋವೆಂದರೂ, ಮೊದಲು ಕೇಳುವ ಪ್ರಶ್ನೆ "ಕೊನೆಯ ಸಲ ಮುಟ್ಟಾದದ್ದು ಯಾವತ್ತು?" ಎಂಬುದೇ. ನಲವತ್ತೆಂಟರ ನನಗೆ, ಮೂರು ವಾರಕ್ಕೊಮ್ಮೆ, ಎರಡು ತಿಂಗಳಿಗೊಮ್ಮೆ ಎಂದು ಮನಬಂದಂತೆ ಬರುವ ಈ ಕಾಲದಲ್ಲಿ, ಆ ಉತ್ತರ ಇಲ್ಲದಿದ್ದರೆ ಚಿಕಿತ್ಸೆಯೇ ಮುಂದೆ ಸಾಗದು.

ದೊಡ್ಡವರು ಬಿಟ್ಟ ಜಾಗಕ್ಕೆ ಬೇರೆಯವರು ಬಂದರು. ಡೆನ್ಮಾರ್ಕಿನ ಇಡಾ ಟಿನ್ ಎಂಬ ಹೆಣ್ಣುಮಗಳು ಬರ್ಲಿನ್ನಿನಲ್ಲಿ ಕುಳಿತು ಗೆಳೆಯರೊಂದಿಗೆ 2013ರಲ್ಲೇ 'ಕ್ಲೂ' ಎಂಬ ಮುಟ್ಟಿನ ಆ್ಯಪ್ ತಂದಿದ್ದಳು. ಅವಳಿಗೆ ಹೊಳೆದದ್ದು ಆಪಲ್‌ನಂಥ ಕಂಪನಿಗೆ ಹೊಳೆಯಲಿಲ್ಲ! ಹಿಂದೆಯೇ ಇಂಥವು ಸಾಲುಗಟ್ಟಿದವು. ಗುಲಾಬಿ ಬಣ್ಣ, ಹೂವು, ಎಸಳು, ಮುದ್ದುಮಾತು. ಹೆಂಗಸರೆಂದರೆ ಗುಲಾಬಿ ಎಂದು ಇವರಿಗೆ ಯಾರು ಹೇಳಿದರೋ. ಬಣ್ಣ ಹೇಗಾದರೂ ಇರಲಿ, ಒಳಗೆ ನಡೆದದ್ದು ವ್ಯಾಪಾರ.

'ಫ್ಲೋ' ಎಂಬ ಆ್ಯಪ್‌ನ ಕತೆ ಎಲ್ಲ ಹೆಂಗಸರಿಗೂ ಗೊತ್ತಿರಬೇಕಾದ್ದು. ಹತ್ತು ಕೋಟಿಗೂ ಹೆಚ್ಚು ಜನ ಅದನ್ನು ಬಳಸಿದ್ದರು. ಮಾಹಿತಿ ಗುಟ್ಟಾಗಿರುತ್ತದೆ ಎಂಬ ಭರವಸೆ ಕೊಟ್ಟು, ಬಳಸುವವಳು ಗರ್ಭಿಣಿ ಎಂಬಂಥ ಸಂಗತಿಯನ್ನೂ ಫೇಸ್‌ಬುಕ್, ಗೂಗಲ್ ಮುಂತಾದವರ ಲೆಕ್ಕಾಚಾರದ ವಿಭಾಗಗಳಿಗೆ ದಾಟಿಸಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2021ರಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆಯೇ ರಾಜಿಯಾಯಿತು. ಇದೇ ವಿಷಯದ ಇನ್ನೊಂದು ಮೊಕದ್ದಮೆಯಲ್ಲಿ 2025ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂರಿಯೊಂದು ಫೇಸ್‌ಬುಕ್‌ನ ಒಡೆಯರಾದ ಮೆಟಾ ಕಂಪನಿಯದು ತಪ್ಪೆಂದು ತೀರ್ಪಿತ್ತಿತು. ನೀವೇ ಯೋಚಿಸಿ. ನಾವು ಮೂರು ತಿಂಗಳು ತುಂಬುವವರೆಗೆ ಸ್ವಂತ ನಾದಿನಿಗೂ ಬಾಯಿ ಬಿಡುವುದಿಲ್ಲ, ದೃಷ್ಟಿಯಾದೀತೆಂದು. ಇಲ್ಲಿ ನೋಡಿದರೆ ಜಾಹೀರಾತು ಮಾರುವವನಿಗೆ ಸುದ್ದಿ ಮೊದಲೇ ತಲುಪಿರುತ್ತದೆ.

2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1973ರಿಂದ ಇದ್ದ ಗರ್ಭಪಾತದ ಹಕ್ಕನ್ನು ಕಿತ್ತುಹಾಕಿದಾಗ ಅಲ್ಲಿನ ಎಷ್ಟೋ ಹೆಂಗಸರು ಮಾಡಿದ ಮೊದಲ ಕೆಲಸ ಮುಟ್ಟಿನ ಆ್ಯಪ್ ಅಳಿಸಿದ್ದು. ತಪ್ಪಿದ ತಿಂಗಳೊಂದು ನಾಳೆ ತಮ್ಮ ಮೇಲೆಯೇ ಸಾಕ್ಷಿ ಹೇಳಬಹುದೆಂಬ ಭಯ. ಅದು ಅಮೆರಿಕದ ಕತೆ, ನಮಗೇನು ಎನ್ನಬೇಡಿ. ಹೆಣ್ಣು ನೋಡಲು ಬಂದವರು ಬಾಗಿಲ ಹೊರಗೆ ನಿಂತು "ಎಲ್ಲ ಸರಿಯಾಗಿದೆ ತಾನೇ?" ಎಂದು ಕೇಳುವ ಊರು ನಮ್ಮದು. ಮದುವೆಯಾಗಿ ವರ್ಷ ತುಂಬುವುದರೊಳಗೆ "ವಿಶೇಷ ಏನಾದರೂ ಇದೆಯಾ?" ಎನ್ನುವ ಬಾಯಿಗಳು ನಮ್ಮವು. ಈ ಲೆಕ್ಕ ಯಾರ ಕೈಗೆ ಸಿಗಬಾರದು ಎಂಬುದು ಅಮೆರಿಕದವರಿಗಿಂತ ನಮಗೇ ಚೆನ್ನಾಗಿ ಗೊತ್ತು.

ಇದ್ದದ್ದನ್ನು ಇದ್ದಂತೆ ಹೇಳಬೇಕು. ಹೆಲ್ತ್ ಆ್ಯಪ್‌ನ ಬೀಗ ಈಗ ಗಟ್ಟಿಯಾಗಿಯೇ ಇದೆ. ಫೋನಿಗೆ ಪಾಸ್‌ಕೋಡ್ ಇದ್ದರೆ ಒಳಗಿನ ಮಾಹಿತಿ ಗೂಢಲಿಪಿಯಲ್ಲಿರುತ್ತದೆ. ಎರಡು ಹಂತದ ಭದ್ರತೆ ಇಟ್ಟುಕೊಂಡರೆ ಐಕ್ಲೌಡ್‌ಗೆ ಹೋದದ್ದನ್ನು ಆಪಲ್ ಕೂಡ ಓದಲಾರದು. ಸಂತೋಷ. ಆದರೆ ಆ ಬೀಗಕ್ಕೆ ಕೊಡಬೇಕಾದ ಬೆಲೆ ನೋಡಿದ್ದೀರಾ? ಇದೇ ಫೋನನ್ನು ಕೋಲಾರದ ನರಸಾಪುರದಲ್ಲಿ ಜೋಡಿಸುವ ಹುಡುಗಿ ತನ್ನ ಸಂಬಳದಲ್ಲಿ ಇದನ್ನು ಕೊಳ್ಳಬೇಕೆಂದರೆ ಎಷ್ಟು ತಿಂಗಳು ಉಪವಾಸವಿರಬೇಕು? ಹೆಣ್ಣಿನ ಗುಟ್ಟು ಒಡವೆಯಂತೆ ಉಳ್ಳವರ ಸೊತ್ತಾಗಕೂಡದು.

ಇನ್ನು ಆ್ಯಪ್ ಸ್ಟೋರಿನಲ್ಲಿ 2020ರ ಡಿಸೆಂಬರಿನಿಂದ, ಯಾವ ಆ್ಯಪ್ ನಿಮ್ಮ ಯಾವ ಮಾಹಿತಿ ತೆಗೆದುಕೊಳ್ಳುತ್ತದೆ ಎಂಬ ಚೀಟಿ ಅಂಟಿಸುತ್ತಿದ್ದಾರೆ. ಆ ಚೀಟಿ ಬರೆಯುವವರು ಆ್ಯಪ್ ಮಾಡಿದವರೇ! ತುಪ್ಪದ ಡಬ್ಬಿಗೆ "ಅಪ್ಪಟ" ಎಂದು ಅಂಗಡಿಯವನೇ ಬರೆದ ಹಾಗೆ. ಷರತ್ತುಗಳೋ, ಮೈಲುದ್ದದ ಇಂಗ್ಲಿಷ್. 2023ರ ನಮ್ಮ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆಯ ಪ್ರಕಾರ, ಒಪ್ಪಿಗೆ ಕೇಳುವವರು ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಅದನ್ನು ಓದುವ ಅವಕಾಶ ಕೊಡಬೇಕು. ಕಾಯಿದೆ ಹಂತಹಂತವಾಗಿ ಜಾರಿಗೆ ಬರುತ್ತಿದೆ. ಬರುವವರೆಗೆ ನಾವು ಬಾಯಿ ಮುಚ್ಚಿ ಕೂರಬೇಕಿಲ್ಲ. ಕನ್ನಡದಲ್ಲಿ ಕೇಳದ ಒಪ್ಪಿಗೆಯನ್ನು ಕೊಡುವುದಿಲ್ಲ ಎನ್ನಲು ಯಾವ ಕಾಯಿದೆಯೂ ಬೇಕಾಗಿಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಐಫೋನ್ ಇದ್ದವರು ಹೆಲ್ತ್ ತೆರೆದು ಮೇಲಿನ ಮೂಲೆಯ ನಿಮ್ಮ ಚಿತ್ರ ಒತ್ತಿ. 'ಪ್ರೈವೆಸಿ'ಯ ಕೆಳಗೆ 'ಆ್ಯಪ್ಸ್' ಎಂದಿರುತ್ತದೆ. ನಿಮ್ಮ ಲೆಕ್ಕ ಓದಲು ಅನುಮತಿ ಕೇಳಿದವರ ಹೆಸರೆಲ್ಲ ಅಲ್ಲಿದೆ. ಒಂದೊಂದನ್ನೂ ಒತ್ತಿದರೆ ಯಾವ್ಯಾವುದು ಬೇಕೆಂದರು ಎಂಬುದೂ ಕಾಣುತ್ತದೆ. ಹೆಜ್ಜೆ ಎಣಿಸುವುದಕ್ಕೆಂದು ನಾನು ಹಾಕಿಕೊಂಡಿದ್ದ ಆ್ಯಪ್ ಒಂದು ಮುಟ್ಟಿನ ತಾರೀಖನ್ನೂ ಕೇಳಿತ್ತು. ನಡೆಯುವುದಕ್ಕೂ ಅದಕ್ಕೂ ಏನು ಸಂಬಂಧ? ಆ ಸ್ವಿಚ್ಚು ಆರಿಸಿದೆ. ಹೆಜ್ಜೆಗಳನ್ನು ಅದು ಈಗಲೂ ಸರಿಯಾಗಿಯೇ ಎಣಿಸುತ್ತಿದೆ.