ಋಣ ಚಿಹ್ನೆ ಬಂದರೆ ಗಾಬರಿ ಬೇಡ

ವಿದ್ಯುನ್ಮಂಡಲದ ಲೆಕ್ಕಕ್ಕೆ ಕುಳಿತ ಎಂಜಿನಿಯರಿಂಗ್ ವಿದ್ಯಾರ್ಥಿ ಮೊದಲು ಮುಗ್ಗರಿಸುವುದು ಬಾಣದ ಗುರುತಿನಲ್ಲಿ. ವಿದ್ಯುತ್ತು ಯಾವ ಕಡೆಗೆ ಹರಿಯುತ್ತದೆಂದು ತಿಳಿಯದೆ ಬಾಣ ಹಾಕುವುದಾದರೂ ಹೇಗೆ?

ಈ ಲೆಕ್ಕಕ್ಕೆ ದಾರಿ ಮಾಡಿಕೊಟ್ಟವನೂ ವಿದ್ಯಾರ್ಥಿಯೇ. ಜರ್ಮನಿಯ ಗುಸ್ತಾವ್ ಕಿರ್ಕಾಫ್ 1845ರಲ್ಲಿ ತನ್ನ ಎರಡು ನಿಯಮಗಳನ್ನು ಪ್ರಕಟಿಸಿದಾಗ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಓದುತ್ತಿದ್ದ. ತಂತಿಗಳು ಕೂಡುವಲ್ಲಿಗೆ ಬಂದಷ್ಟೇ ವಿದ್ಯುತ್ತು ಅಲ್ಲಿಂದ ಹೊರಡಬೇಕು; ಮಂಡಲವನ್ನು ಒಂದು ಸುತ್ತು ಬಂದರೆ ವೋಲ್ಟೇಜಿನ ಏರಿಳಿತಗಳ ಮೊತ್ತ ಸೊನ್ನೆಯಾಗಬೇಕು. ಅಂಗಡಿಯ ಜಮಾ-ಖರ್ಚಿನಷ್ಟೇ ಸರಳ.

ಬಾಣವನ್ನು ಯಾವ ಕಡೆಗಾದರೂ ಹಾಕಬಹುದು. 12 ವೋಲ್ಟ್ ಮತ್ತು 6 ವೋಲ್ಟಿನ ಬ್ಯಾಟರಿಗಳ ಧನಾಗ್ರಗಳನ್ನು 3 ಓಮ್ ರೋಧದ ಮೂಲಕ, ಋಣಾಗ್ರಗಳನ್ನು ನೇರವಾಗಿ ಜೋಡಿಸಿದೆ ಎನ್ನಿ. ಬ್ಯಾಟರಿಗಳ ಒಳರೋಧ ಲೆಕ್ಕಕ್ಕಿಲ್ಲ. 6 ವೋಲ್ಟಿನ ಬ್ಯಾಟರಿಯ ಧನಾಗ್ರದಿಂದ ವಿದ್ಯುತ್ತು ಹೊರಡುತ್ತದೆಂದು ಬಾಣ ಹಾಕಿದರೆ ಉತ್ತರ ಮೈನಸ್ 2 ಆಂಪಿಯರ್. ಲೆಕ್ಕ ತಪ್ಪಿಲ್ಲ. ವಿದ್ಯುತ್ತು ಬಾಣಕ್ಕೆ ಎದುರಾಗಿ ಹರಿದು ಚಿಕ್ಕ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದೆ ಎಂದಷ್ಟೇ ಅರ್ಥ.

ಋಣ ಚಿಹ್ನೆ ಕಂಡ ಕೂಡಲೇ ಬಾಣವನ್ನು ತಿರುಗಿಸಿದರೆ ಅಪಾಯ. ಕೆಲವು ಸಮೀಕರಣಗಳು ಹಳೆಯ ದಿಕ್ಕಿನಲ್ಲಿ, ಕೆಲವು ಹೊಸದರಲ್ಲಿ ಉಳಿದು ಇಡೀ ಲೆಕ್ಕ ಕೆಡುತ್ತದೆ. ಮಾದರಿ ಲೆಕ್ಕಗಳನ್ನು ಬಾಯಿಪಾಠ ಮಾಡಿದವರಿಗೆ, ಪರೀಕ್ಷೆಯಲ್ಲಿ ಒಂದು ಬ್ಯಾಟರಿ ತಿರುಗಿಸಿ ಕೇಳಿದರೂ ಅಂಕ ಹೋಯಿತು.

ಕೊನೆಗೊಮ್ಮೆ ತಾಳೆ ನೋಡಬೇಕು. 12 ವೋಲ್ಟಿನಲ್ಲಿ ರೋಧಕ್ಕೆ 6, ಚಿಕ್ಕ ಬ್ಯಾಟರಿಗೆ 6; ಉಳಿದದ್ದು ಸೊನ್ನೆ. ಉತ್ತರ ಸರಿಯೇ ಎಂದು ಪುಸ್ತಕದ ಕೊನೆಯ ಪುಟ ತಿರುವಬೇಕಾಗಿಲ್ಲ.