ಹಿನ್ನೀರಿಗೆ ಹಾಯಿ ಸಾಕು

ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ತೆರೆದ ಮೇಲೆ ಸಿಗಂದೂರಿಗೆ ಹೋಗುವವರು ಲಾಂಚಿಗಾಗಿ ಕಾಯಬೇಕಿಲ್ಲ. ದಾರಿ ಸಲೀಸಾದ ಕಡೆಗೆ ಪ್ರವಾಸಿಗರು ಬಂದೇ ಬರುತ್ತಾರೆ, ಬರಲಿ. ಆದರೆ ಈ ಹಿನ್ನೀರಿನಲ್ಲಿ ಅವರನ್ನು ಎಂಥ ದೋಣಿ ಹತ್ತಿಸಬೇಕೆಂಬುದು ಈಗಲೇ ತೀರ್ಮಾನವಾಗಬೇಕು. ಮೋಜಿನ ವಿಹಾರಕ್ಕೆ ಹಾಯಿ ಅಥವಾ ಹುಟ್ಟು, ಹೆಚ್ಚೆಂದರೆ ಬ್ಯಾಟರಿ. ಪೆಟ್ರೋಲ್, ಡೀಸೆಲ್ ಎಂಜಿನ್ ಬೇಡ. ಮಗ್ಗುಲಲ್ಲೇ ಸಿಂಗಳೀಕಗಳ ಅಭಯಾರಣ್ಯವಿದೆ. ಇದೇ ನೀರನ್ನು ಬೆಂಗಳೂರಿಗೆ ಕುಡಿಯಲು ಒಯ್ಯುವ ಮಾತಾಡಿದವರೂ ನಾವೇ.

ಎಂಜಿನ್ ಇಲ್ಲದಿದ್ದರೆ ವ್ಯಾಪಾರ ಕುದುರುವುದಿಲ್ಲ ಎನ್ನುವವರು ಹಂಗೇರಿಯ ಬಾಲಟನ್ ಸರೋವರವನ್ನು ನೋಡಬೇಕು. ಸುಮಾರು 600 ಚದರ ಕಿ.ಮೀ. ಹರಡಿದ ಆ ನೀರಿನ ಸರಾಸರಿ ಆಳ ಮೂರು ಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅಲ್ಲಿ 1970ರ ದಶಕದಿಂದಲೂ ಖಾಸಗಿ ವಿಹಾರಕ್ಕೆ ಪೆಟ್ರೋಲ್, ಡೀಸೆಲ್ ದೋಣಿಗಳನ್ನು ಬಿಡುವುದಿಲ್ಲ. ಪ್ರಯಾಣಿಕರ ಹಡಗು, ಪೊಲೀಸರು, ರಕ್ಷಣಾ ತಂಡದಂಥವರಿಗೆ ವಿನಾಯಿತಿ ಇದೆ. ಅದರಿಂದ ಪ್ರವಾಸಿಗರೇನೂ ಕಡಿಮೆಯಾಗಲಿಲ್ಲ. ಹಾಯಿದೋಣಿಯೇ ಬಾಲಟನ್ನಿನ ಗುರುತಾಯಿತು. 1934ರಲ್ಲಿ ಆರಂಭವಾದ, ಸರೋವರವನ್ನು ಸುತ್ತಿ ಬರುವ ಹಾಯಿ ಸ್ಪರ್ಧೆ ಇಂದಿಗೂ ದೊಡ್ಡ ಆಕರ್ಷಣೆ. ನಮ್ಮ ನೆರೆಯ ಕೇರಳದ ವೆಂಬನಾಡು ಸರೋವರದ್ದು ಬೇರೆಯೇ ಕಥೆ. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೆಣೆದು ಕಟ್ಟಿ, ಅಕ್ಕಿ ಸಾಗಿಸುತ್ತಿದ್ದ ಕೆಟ್ಟುವಳ್ಳಂ ಎಂಬ ದೋಣಿಗಳಿಗೆ ಎಂಜಿನ್ ಕೂರಿಸಿ ಹೌಸ್‌ಬೋಟ್ ಮಾಡಲಾಯಿತು. ಈಗ ಎಣ್ಣೆ, ಕೊಳಚೆಯ ದೂರು ನಿಂತಿಲ್ಲ. ಸಾಲ ಮಾಡಿ ದೋಣಿ ಕಟ್ಟಿಸಿದವರ ಹೊಟ್ಟೆಪಾಡು ಅದರಲ್ಲೇ ಇರುವಾಗ ಕಡಿವಾಣ ಹಾಕುವುದೂ ಸುಲಭವಲ್ಲ. ನಿಯಮ ಮೊದಲೇ ಬರಬೇಕು ಎನ್ನುವುದು ಇದಕ್ಕೇ.

ಗಾಳಿಯನ್ನು ನಂಬುವುದು ಅಪಾಯವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಳೆಗಾಲದ ಹಿನ್ನೀರು ಹೊಸಬರಿಗೆ ತಕ್ಕುದಲ್ಲ, ಆಗ ಬಂದ್ ಮಾಡಬೇಕು. ಬೇಸಿಗೆಯಲ್ಲಿ ನೀರಿಳಿದಂತೆ ಮುಳುಗಡೆಯಾದ ಕಾಡಿನ ಮರದ ಬೊಡ್ಡೆಗಳು ತಲೆಯೆತ್ತುತ್ತವೆ. ಅಲ್ಲಿಗೆ ಅಡಿಹಲಗೆಯನ್ನು ಮೇಲಕ್ಕೆಳೆಯಬಹುದಾದ ಸಣ್ಣ ದೋಣಿಗಳೇ ಆಗಬೇಕು. ಬಾಲಟನ್ ದಡದಲ್ಲಿ ಬಿರುಗಾಳಿಯ ಮುನ್ಸೂಚನೆಗೆ ದೀಪಗಳಿವೆ: ನಿಮಿಷಕ್ಕೆ 45 ಸಲ ಮಿನುಗಿದರೆ ಎಚ್ಚರ, 90 ಸಲ ಮಿನುಗಿದರೆ ನೀರಿನಲ್ಲಿರುವವರು ದಡ ಸೇರಬೇಕು. ಇಂಥ ದೀಪ ಹಾಕಲು ನಮಗೇನೂ ಕಷ್ಟವಿಲ್ಲ. ಇನ್ನು ಹಾಯಿ ಶ್ರೀಮಂತರ ಆಟ ಎಂಬ ಆಕ್ಷೇಪ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿ ಕಲಿತವರು ಸೈನಿಕರು, ಸಾಹುಕಾರರಲ್ಲ. ಎಂಜಿನ್ನಿಗೆ ಸುರಿದ ದುಡ್ಡು ಪೆಟ್ರೋಲ್ ಬಂಕಿಗೆ ಹೋಗುತ್ತದೆ. ಹಾಯಿದೋಣಿಯಲ್ಲಿ ಅದು ಕಲಿಸುವವನಿಗೆ, ರಿಪೇರಿ ಮಾಡುವವನಿಗೆ ಸಿಗುತ್ತದೆ.

ಲಾಂಚಿಗೆ, ಮೀನುಗಾರರಿಗೆ, ರಕ್ಷಣಾ ದೋಣಿಗೆ ವಿನಾಯಿತಿ ಇರಲಿ. ಈ ಹಿನ್ನೀರಿಗೆ ಕಾರಣವಾದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ಗದ್ದೆ ಕಳೆದುಕೊಂಡ ಕುಟುಂಬಗಳಿಗೆ ಮೊದಲ ಪರವಾನಗಿ ಸಿಗಲಿ. ಸರ್ಕಾರ ವಿಹಾರ ದೋಣಿಗಳಿಗೆ ಟೆಂಡರ್ ಕರೆಯುವ ಮೊದಲೇ ಈ ಆದೇಶ ಹೊರಡಿಸಬೇಕು.