ನಾಯಿಗೆ ಕೊಟ್ಟ ಮಾತು

ಬಿರುಗಾಳ್ಯಾಗ ಮಕ್ಕಳು ಹೊರಗ ಇರಬಾರದು, ಅದರಾಗ ಎರಡು ಮಾತಿಲ್ಲ. ಆದ್ರೂ 'ವೇರ್ ದ ರೆಡ್ ಫರ್ನ್ ಗ್ರೋಸ್' ಕಾದಂಬರಿಯ ಬಿಲ್ಲಿ ಮಾಡಿದ್ದು ಹಟ ಅಲ್ಲ ಅಂತ ಹೇಳಾಕಿ ನಾನು. "ಇಂಥಾ ಹಟಮಾರಿ ಕತಿ ನಮ್ಮ ಹುಡುಗರಿಗೆ ಯಾಕ ಓದಸ್ತೀ?" ಅಂತ ನಮ್ಮ ವೈನಿ ಕೇಳಿದ್ರು. ಅವರಿಗೂ ನಿಮಗೂ ಕೂಡೇ ಉತ್ತರ ಬರೀತೀನಿ.

ವಿಲ್ಸನ್ ರಾಲ್ಸ್ ಬರೆದ ಈ ಪುಸ್ತಕ 1961ರಾಗ ಬಂತು. ಅಮೆರಿಕಾದ ಓಕ್ಲಹೋಮಾ ಕಡೆ, ಓಝಾರ್ಕ್ ಗುಡ್ಡದಾಗಿನ ಬಡವರ ಮನಿ. ಹುಡುಗ ಎರಡು ವರ್ಷ ರೊಕ್ಕ ಕೂಡಿಸಿ, 50 ಡಾಲರ್ ಮಾಡಿ, ಎರಡು ಬ್ಯಾಟಿ ನಾಯಿಮರಿ ತರಸ್ತಾನ. ಓಲ್ಡ್ ಡ್ಯಾನ್, ಲಿಟಲ್ ಆ್ಯನ್ ಅಂತ ಹೆಸರು. ರಕೂನ್ ಅಂದ್ರ ಬೆಕ್ಕಿಗಿಂತ ದಪ್ಪನ್ನ ಕಾಡುಪ್ರಾಣಿ. ಅದನ್ನ ರಾತ್ರಿ ಬೆನ್ನಹತ್ತಿ ಗಿಡ ಏರಸೋದು ಈ ನಾಯಿಗಳ ಕೆಲಸ. ನಮ್ಮ ಮುಧೋಳ ನಾಯಿ ಕಣ್ಣಿಲೆ ನೋಡಿ ಓಡ್ತದ, ಇವು ವಾಸನಿ ಹಿಡಿದು ಹೋಗ್ತಾವ. ಗಿಡದ ಬುಡಕ ನಿಂತು ಬೊಗಳತಾವ. ಕತ್ತಲ್ಯಾಗ ಆ ದನೀನ ಬ್ಯಾಟಿಗಾರನಿಗೆ ದಾರಿ.

ದೊಡ್ಡ ಸ್ಪರ್ಧೆಯ ಕಡೀ ಸುತ್ತಿನ ರಾತ್ರಿ ಬರ್ಫದ ಮಳಿ, ಗಾಳಿ ಹೊಡೀತದ. ಗಾಳಿ ನಾಯಿ ದನೀನ ನುಂಗಿಬಿಡ್ತದ. ಸಂಗತೀಲೆ ಅಪ್ಪ, ಅಜ್ಜ, ಸ್ಪರ್ಧೆಯ ಒಬ್ಬ ಜಜ್. ವಾಪಸ್ ಹೋಗೋ ಮಾತು ಬಂದ್ರ, ನಾಯಿ ಬಿಟ್ಟು ಬರಂಗಿಲ್ಲ ಅಂತಾನ ಹುಡುಗ.

ಯಾಕಂದ್ರ ಅಂವಾ ಮಾತು ಕೊಟ್ಟಾನ. 'ನೀವು ಗಿಡ ಏರಿಸ್ರಿ, ಮುಂದಿಂದು ನನಗ ಬಿಡ್ರಿ' ಅಂತ. ಆ ಮಾತಿಗಾಗಿ ಮೊದಲನೇ ಬ್ಯಾಟಿಯಾಗ ಒಂದು ದೈತ್ಯ ಗಿಡಾನ ಕೊಡ್ಲಿಲೆ ದಿನಗಟ್ಲೆ ಕಡದಿದ್ದ, ಅಂಗೈ ಬೊಬ್ಬಿ ಬಂದ್ರೂ ಬಿಡಲಿಲ್ಲ. ಬಾಯಿಲ್ಲದ ಪ್ರಾಣಿಗೆ ಕೊಟ್ಟ ಮಾತು ಮುರದ್ರ ಯಾರೂ ಕೇಳಂಗಿಲ್ಲ, ನೋಡ್ರಿ. ಮಕ್ಕಳಿಗೆ ಕೊಟ್ಟದ್ದನ್ನೂ ನಾವು ಹಂಗ ಮುರೀತೀವಿ.

ಖರೇ ಹೇಳಬೇಕಂದ್ರ ನನ್ನ ಕಣ್ಣು ಅವರಪ್ಪನ ಮ್ಯಾಲೆ. 'ನಾಯಿ ಅಲ್ಲೇನೋ, ಬಿಡು' ಅನ್ನಲಿಲ್ಲ, ಮಗನ್ನ ಒಬ್ಬಂವನ್ನ ಕಳಸಲೂ ಇಲ್ಲ. ತಾನೂ ಹೊಂಟ. ಇದಕ್ಕ ಪುಕ್ಕಟ ಕ್ಷಮಾ ಸಿಗಲಿಲ್ಲ ಮತ್ತ. ಅಜ್ಜ ಕತ್ತಲ್ಯಾಗ ತಪ್ಪಿಸಿಕೊಂಡು ಬಿದ್ದ, ಕಾಲು ಉಳಕಿತು, ಎಚ್ಚರ ತಪ್ಪಿತು. ಲಿಟಲ್ ಆ್ಯನ್ ಹುಡುಕದಿದ್ರ ಜೀವಾನ ಹೋಗತಿತ್ತು. ಲೇಖಕ ಇದನ್ನ ಮುಚ್ಚಿಟ್ಟಿಲ್ಲ, ಅದಕ್ಕ ಈ ಪುಸ್ತಕದ ಮ್ಯಾಲೆ ನನಗ ನಂಬಿಕಿ. ಮುಂಜಾನೆ ನೋಡಿದ್ರ ಎರಡೂ ನಾಯಿ, ಮೈತುಂಬ ಬರ್ಫ ಕಟ್ಟಿದ್ರೂ, ಗಿಡದ ಸುತ್ತ ತಿರಗತಾನ ಇದ್ದವು!

ಇನ್ನೊಂದು ಸುದ್ದಿ, ಹೆಂಗಸರು ಕೇಳಬೇಕಾದ್ದು. ತನ್ನ ಬರವಣಿಗಿಗೆ ತಾನ ನಾಚಿ, ರಾಲ್ಸ್ ಲಗ್ನಕ್ಕ ಮೊದಲ ಬರೆದದ್ದೆಲ್ಲಾ ಸುಟ್ಟಿದ್ದನಂತ. ಮುಂದ ಹೆಂಡತಿ ಸೋಫಿ ಒತ್ತಾಯ ಮಾಡಿದಾಗ ಮೂರು ವಾರದಾಗ ಈ ಕತಿ ಮತ್ತ ಬರದ. ಕಾಗುಣಿತ ತಿದ್ದಿದಾಕಿ ಆಕೀನ.

ಪುಸ್ತಕ ಮುಗಿಯೋದ್ರಾಗ ಎರಡೂ ನಾಯಿ ಸಾಯ್ತಾವ, ಈಗ ಹೇಳಿಬಿಡ್ತೀನಿ. ಸಣ್ಣವರ ಕೈಯಾಗ ಸುಮ್ನ ಕೊಟ್ಟು ನೀವು ಅಡಗಿ ಮನಿಗೆ ಹೋಗಬ್ಯಾಡ್ರಿ. ಬಾಜೂಕ ಕೂತು ಓದ್ರಿ. ಸೆರಗೊಂದು ಒಣದ್ದು ಇಟ್ಕೊಂಡಿರ್ರಿ, ಹುಡುಗರಿಗಿಂತ ಮೊದಲ ನಿಮಗ ಬೇಕಾಗ್ತದ.